ಆಬರ್ನ್‌ನ ಡ್ಯೂಸೆನ್‌ಬರ್ಗ್ ಮ್ಯೂಸಿಯಂ: ಕಾರಿನ ಹುಚ್ಚಿರುವವರು ಬಿಡಬೇಡಿ

ಚಿಕಾಗೋ, ಇಂಡಿಯಾನಾ ಕಡೆ ಇರುವ ಕನ್ನಡದವರಲ್ಲಿ ಯಾರಿಗಾದರೂ ಹಳೇ ಕಾರುಗಳ ಹುಚ್ಚಿದ್ದರೆ ಆಬರ್ನ್ ಕೋರ್ಡ್ ಡ್ಯೂಸೆನ್‌ಬರ್ಗ್ ಮ್ಯೂಸಿಯಂ ನೋಡಲೇಬೇಕು. ಈ ಮೂರೂ ಹಳೇ ಅಮೆರಿಕನ್ ಕಾರುಗಳ ಹೆಸರು. ಫೋರ್ಟ್ ವೇನ್‌ನಿಂದ ಉತ್ತರಕ್ಕೆ ಸುಮಾರು ಅರ್ಧ ಗಂಟೆ ದಾರಿ, ಇಂಡಿಯಾನಾದ ಆಬರ್ನ್ ಅನ್ನೋ ಪುಟ್ಟ ಊರು. ಕಟ್ಟಡ ನೋಡೋಕೇ ಹೋಗಬಹುದು. 1930ರಲ್ಲಿ ಆಬರ್ನ್ ಕಾರ್ ಕಂಪನಿ ಕಟ್ಟಿಸಿದ ಹೆಡ್ ಆಫೀಸ್ ಇದು, ಆಗ ಕಾರು ಮಾರುತ್ತಿದ್ದ ಶೋರೂಮಿನಲ್ಲೇ ಈಗಲೂ ಕಾರುಗಳು ನಿಂತಿವೆ.

ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಡ್ಯೂಸೆನ್‌ಬರ್ಗ್ ಮಾಡೆಲ್ ಜೆ ಮುಂದೆ. 1928ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ತೋರಿಸಿದರು. ಸಾಲಾಗಿ 8 ಸಿಲಿಂಡರ್, 6.9 ಲೀಟರ್, ವಾಲ್ವ್ ತೆರೆದು ಮುಚ್ಚೋಕೆ ಎರಡು ಕ್ಯಾಮ್‌ಶಾಫ್ಟ್, ಒಂದೊಂದು ಸಿಲಿಂಡರ್‌ಗೂ 4 ವಾಲ್ವ್. ಕಂಪನಿ ಹೇಳಿದ್ದು 265 ಹಾರ್ಸ್‌ಪವರ್, ಆಗಿನ ಫೋರ್ಡ್ ಮಾಡೆಲ್ ಎ ಕಾರಿಗೆ ಇದ್ದಿದ್ದು ಬರೀ 40! ಚಾಸಿಗೇ, ಅಂದರೆ ಬಾಡಿ ಇಲ್ಲದ ಎಂಜಿನ್, ಚಕ್ರ, ಚೌಕಟ್ಟಿಗೇ 8,500 ಡಾಲರ್, ಬಾಡಿಯನ್ನು ಬೇರೆಯವರ ಹತ್ತಿರ ನಮಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳಬೇಕು, ಅದಕ್ಕೇ ಒಂದು ಕಾರಿನ ಹಾಗೆ ಇನ್ನೊಂದು ಕಾಣಲ್ಲ. ನಮ್ಮ ಇಂದೋರಿನ ಮಹಾರಾಜ ಹೋಳ್ಕರ್ ಲಂಡನ್ನಿನ ಗರ್ನಿ ನಟಿಂಗ್ ಕಂಪನಿಯಿಂದ ಬಾಡಿ ಕಟ್ಟಿಸಿದ್ದರು, ಕೇಸರಿ ಮತ್ತು ಕಪ್ಪು ಬಣ್ಣ.

ಜೆ ತಯಾರಾಗಿದ್ದು ಆಬರ್ನ್‌ನಲ್ಲಲ್ಲ, ಇಂಡಿಯಾನಾಪೊಲಿಸ್‌ನಲ್ಲಿ. ಹಾಗಾದರೆ ಇಲ್ಯಾಕೆ? ಆಬರ್ನ್ ಕಂಪನಿಯ ಮುಖ್ಯಸ್ಥರಾಗಿದ್ದ ಇ. ಎಲ್. ಕೋರ್ಡ್ ಅವರಿಂದ. ಫ್ರೆಡ್ ಮತ್ತು ಆಗಸ್ಟ್ ಡ್ಯೂಸೆನ್‌ಬರ್ಗ್ ಅಣ್ಣ ತಮ್ಮಂದಿರು, ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ರೇಸಿನಲ್ಲಿ ಅವರನ್ನು ಮೀರಿಸುವವರು ಕಡಿಮೆ. 1921ರ ಫ್ರೆಂಚ್ ಗ್ರಾಂಪ್ರಿ ಅವರ ಕಾರೇ ಗೆದ್ದಿದ್ದು, ಇಂಡಿಯಾನಾಪೊಲಿಸ್‌ನ 500 ಮೈಲಿಯ ಇಂಡಿ 500 ರೇಸನ್ನು 1924, 1925, 1927ರಲ್ಲಿ ಗೆದ್ದಿತು. ಆದರೆ ವ್ಯಾಪಾರ ಅವರಿಗೆ ಒಲಿಯಲಿಲ್ಲ. ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಕೊಟ್ಟ ಅವರದೇ ಮಾಡೆಲ್ ಎ (ಫೋರ್ಡಿನದಲ್ಲ) ಕೂಡ ಕಂಪನಿಯನ್ನು ಉಳಿಸಲಿಲ್ಲ. 1926ರಲ್ಲಿ ಕೋರ್ಡ್ ಅವರ ಕಂಪನಿಯನ್ನು ಕೊಂಡುಕೊಂಡರು, ಎಲ್ಲಕ್ಕಿಂತ ದೊಡ್ಡ, ಒಳ್ಳೆಯ ಕಾರು ಮಾಡಿ ಅಂತ ಫ್ರೆಡ್‌ಗೆ ಹೇಳಿದರು. ಷೇರುಪೇಟೆ ಬಿದ್ದ 1929 ಡ್ಯೂಸೆನ್‌ಬರ್ಗನ್ನು ಮುಗಿಸಿತು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನನಗೆ ಅದು ಅರ್ಧ ಮಾತು ಮಾತ್ರ. ಮಂದಿ ಊಟಕ್ಕೆ ಸಾಲಲ್ಲಿ ನಿಂತಿದ್ದ ಕಾಲದಲ್ಲೇ, 1932ರಲ್ಲಿ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಹಾಕಿದ 320 ಹಾರ್ಸ್‌ಪವರಿನ ಎಸ್‌ಜೆ ಬಂತು. ಅದೇ ವರ್ಷ ಫ್ರೆಡ್ ಕಾರು ಅಪಘಾತದಲ್ಲಿ ಪೆಟ್ಟಾಗಿ ತೀರಿಕೊಂಡರು. ಕಂಪನಿ ಮಾತ್ರ ಕೋರ್ಡ್ ಕೈಯಲ್ಲಿ ಇರುವ ತನಕ ನಡೆಯಿತು, 1937ರಲ್ಲಿ ಅವರ ಕಂಪನಿಗಳ ಕೂಟ ಮುರಿದಾಗಲೇ ಮುಚ್ಚಿತು. 500 ಜೆ ಕೂಡ ತಯಾರಾಗಲಿಲ್ಲ.

ಮೇಲಿನ ಮಹಡಿ ಬಿಟ್ಟು ಬರಬೇಡಿ, ಡಿಸೈನ್ ವಿಭಾಗ ಅಲ್ಲೇ. ಹೆಡ್‌ಲೈಟ್ ಒಳಗೆ ಮಡಚಿಕೊಳ್ಳುವ ಕೋರ್ಡ್ 810 ಕೂಡ ನೋಡಿ. ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ವಾರಾಂತ್ಯದಲ್ಲಿ ಊರಲ್ಲಿ ಕಾರು ಜಾತ್ರೆ ಇರುತ್ತದೆ, ಹಳೇ ಕಾರು ರಸ್ತೆಯಲ್ಲಿ ಓಡೋದು ನೋಡಬೇಕಾದರೆ ಆಗ ಹೋಗಿ. ನಿಧಾನವಾಗಿ ನೋಡಬೇಕಾದರೆ ಬೇರೆ ಯಾವಾಗಲಾದರೂ.