ಸೆಪ್ಟೆಂಬರ್‌ನಲ್ಲಿ ಸಂಡೂರು: ಹೂ ನೋಡೋಕೆ ಹೋಗುವವರಿಗೆ

ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವಳು ನಾನು. ಮದುವೆ, ತೊಟ್ಟಿಲು ಅಂತ ಸಂಡೂರಿಗೆ ಎಷ್ಟೋ ಸಲ ಹೋಗಿದ್ದೇನೆ, ಆದರೆ ಉಂಡು ವಾಪಸ್ ಬಸ್ ಹತ್ತಿದ್ದೇ ಬಂತು, ಸುತ್ತ ಇರೋ ಬೆಟ್ಟವನ್ನು ಕತ್ತೆತ್ತಿ ನೋಡಿದವಳಲ್ಲ. ಈ ಸಲ ಸೆಪ್ಟೆಂಬರ್ ಎರಡನೇ ವಾರ ಅವ್ವನನ್ನು ಕರೆದುಕೊಂಡು ಬರೀ ಹೂ ನೋಡೋಕೆ ಅಂತಲೇ ಹೋಗಿ ಎರಡು ದಿನ ಇದ್ದೆ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು, ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂದಿದ್ದರು ಅಂತ ಊರವರು ಈಗಲೂ ಹೇಳುತ್ತಾರೆ. ಆ ಮಾತು ನನಗೆ ಈಗ ಪೂರ್ತಿ ಒಪ್ಪಿಗೆ.

ಮೊದಲೇ ಹೇಳಿಬಿಡುತ್ತೇನೆ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡೋ ಹೂದೋಟ ಇಲ್ಲಿಲ್ಲ. ಹೂ ಇರೋದು ಹೊಲದ ಬದುವಿನಲ್ಲಿ, ರಸ್ತೆ ಪಕ್ಕದ ಬೇಲಿಯಲ್ಲಿ, ಬೆಟ್ಟದ ಇಳಿಜಾರಿನಲ್ಲಿ. ಕಾರಿನಲ್ಲಿ ಕೂತು ಸರ್ರಂತ ಹೋದರೆ ಬರೀ ಹಸಿರು ಕಾಣುತ್ತೆ, ಅಷ್ಟೇ. ಇಳಿದು ನಡೀಬೇಕು.

ನಾವು ಮೊದಲ ದಿನ ನಾರಿಹಳ್ಳ ಡ್ಯಾಮ್ ಕಡೆ ನಡೆದೆವು. ಶೇಂಗಾ ಹೊಲದ ಸುತ್ತ ಗುರೆಳ್ಳು ಹಾಕಿದ್ದರು, ಹೊಲಕ್ಕೆ ಹಳದಿ ಅಂಚು ಹಚ್ಚಿದ ಹಾಗಿತ್ತು. ಗುರೆಳ್ಳನ್ನು ದನ ಮೇಯಲ್ಲ, ಅದಕ್ಕೇ ಅಂಚಿಗೆ ಹಾಕೋದು ಅಂತ ಅವ್ವ ಹೇಳಿದಳು. ಹತ್ತಿರ ಹೋದರೆ ಜೇನ್ನೊಣದ ಗುಂಯ್ ಸದ್ದು. ಬೇಲಿ ತುಂಬಾ ತಂಗಡಿ ಹೂ. ನಾವು ಸುಮ್ನೆ ಕಾಡುಗಿಡ ಅಂತ ಬಿಡುವ ಈ ಹೂವೇ ಪಕ್ಕದ ತೆಲಂಗಾಣಕ್ಕೆ ರಾಜ್ಯದ ಹೂ, ಅಲ್ಲಿ ಬತುಕಮ್ಮ ಅನ್ನೋ ಹೂವಿನ ಹಬ್ಬಕ್ಕೆ ಇದೇ ಬೇಕು. ಕಾಲ ಬುಡದಲ್ಲಿ ತುಂಬೆ, ಅದರ ನಡುವೆ ಶರ್ಟಿನ ಗುಂಡಿಗಿಂತ ಸಣ್ಣದಾಗಿ ನೀಲಿ ವಿಷ್ಣುಕ್ರಾಂತಿ. ಇದನ್ನು ನೋಡೋಕೆ ಕುಕ್ಕರಗಾಲಲ್ಲಿ ಕೂರಲೇಬೇಕು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ಗೌರಿಹೂ. ಎರಡನೇ ದಿನ ಕುಮಾರಸ್ವಾಮಿ ಬೆಟ್ಟದ ದಾರಿಯಲ್ಲಿ ಸಿಕ್ಕಿತು. ಒಂದೇ ಬಳ್ಳಿಯಲ್ಲಿ ಮೂರು ಬಣ್ಣ: ಆಗ ತಾನೇ ಬಿರಿದಿದ್ದು ಹಸಿರು-ಹಳದಿ, ನಿನ್ನೆ ಮೊನ್ನೆಯದು ತುದಿಯಲ್ಲಿ ಕೆಂಪು ಬುಡದಲ್ಲಿ ಹಳದಿ, ಹಳೆಯದು ಪೂರ್ತಿ ಕೆಂಪು. ಎಸಳೆಲ್ಲ ಹಿಂದಕ್ಕೆ ಬಾಗಿ ಮೇಲಕ್ಕೆ ಏಳುತ್ತವೆ, ಒಲೆಯ ಉರಿ ಇದ್ದ ಹಾಗೆ, ಅಂಚೆಲ್ಲ ನೆರಿಗೆ. ಇನ್ನೊಂದು ವಿಷಯ ನಾನು ಅವತ್ತೇ ನೋಡಿದ್ದು: ಅದರ ಎಲೆಯ ತುದಿಯೇ ಸುರುಳಿ ಸುತ್ತಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುತ್ತೆ. ಬೆರಳಿಂದ ಬಿಡಿಸೋಕೆ ಹೋದೆ. ಅಲ್ಲೇ ಆಡು ಮೇಯಿಸುತ್ತಿದ್ದ ತಾತ ಕೂಗಿದರು.

"ಮುಟ್ಟಬ್ಯಾಡವ್ವ ಅದನ್ನ, ಗಡ್ಡಿ ಭಾಳ ವಿಷ ಐತಿ."

"ಹೂವೂ ವಿಷಾನಾ ತಾತ?"

"ಗಿಡಾನೇ ವಿಷ. ನೋಡಾಕ ಚಂದ, ನೋಡಿ ಬಿಡು."

ಅವರು ಹೇಳಿದ್ದು ನಿಜ, ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಹುಷಾರು. ಆಮೇಲೆ ಅವರೇ ನಮ್ಮನ್ನು ಅರ್ಧ ಕಿಲೋಮೀಟರ್ ಒಳಗೆ ಕರೆದುಕೊಂಡು ಹೋಗಿ, ಬಂಡೆಗಳ ಸಂದಿನಲ್ಲಿ ಗೌರಿಹೂ ಹತ್ತಾರು ಕಡೆ ಅರಳಿದ್ದನ್ನು ತೋರಿಸಿದರು. ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ, ಅವ್ವನ ಎಲೆ ಅಡಿಕೆ ಚೀಲಕ್ಕೆ ಮಾತ್ರ ಕೈ ಹಾಕಿದರು.

ಮೇಲೆ ಪಾರ್ವತಿ ಗುಡಿ, ಕುಮಾರಸ್ವಾಮಿ ಗುಡಿ ಎರಡೂ ನೋಡಿ. ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಮಳೆ ನಿಂತ ಮೇಲೆ ಆ ಕಲ್ಲಿನ ಬಣ್ಣ ನೋಡಬೇಕು.

ಬೇಜಾರಾಗಿದ್ದೂ ಹೇಳಬೇಕು. ಗಣಿ ಲಾರಿ ಓಡಾಡೋ ರಸ್ತೆಯ ಪಕ್ಕದಲ್ಲಿ ತಂಗಡಿ ಹೂ ಹಳದಿಯಾಗಿ ಉಳಿದಿಲ್ಲ, ಕೆಂಪು ಧೂಳು ಕೂತು ಇಟ್ಟಿಗೆ ಬಣ್ಣ ಬಂದಿದೆ. ಅವ್ವ ಒಂದು ಗೊಂಚಲನ್ನು ಸೀರೆ ಸೆರಗಿನಿಂದ ಒರೆಸಿದಳು, ಒಳಗಿಂದ ಹಳದಿ ಬಂತು, ಸೆರಗು ಕೆಂಪಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ, ಆ ಸುದ್ದಿ ಯಾಕೆ ಅಷ್ಟು ದೊಡ್ಡದಿತ್ತು ಅಂತ ಆ ಸೆರಗು ನೋಡಿದಾಗ ಗೊತ್ತಾಯಿತು. ಗುಡಿ ಹತ್ತಿರ ಚಿಪ್ಸ್ ಕವರ್, ನೀರಿನ ಬಾಟಲಿ ಬೇರೆ. ಆಟೋದವರು ಹೋಗಿಬರೋಕೆ ಒಂದು ರೇಟ್ ಹೇಳಿ, ಮೇಲೆ ಹೋದ ಮೇಲೆ ಇನ್ನೂ 200 ಜಾಸ್ತಿ ಕೇಳಿದರು. ಕಾಯೋ ದುಡ್ಡೂ ಸೇರಿಸಿ ಕೆಳಗೇ ಮಾತಾಡಿಕೊಳ್ಳಿ.

ಊಟ ಮಾತ್ರ ಹತ್ತಕ್ಕೆ ಹತ್ತು. ಬಸ್ ಸ್ಟ್ಯಾಂಡ್ ಕಡೆಯ ಒಂದು ಸಣ್ಣ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮೇಲೆ ಗಟ್ಟಿ ಮೊಸರು. ಬೆಳಿಗ್ಗೆ ಹೊಲದಲ್ಲಿ ಹೂವಾಗಿ ನೋಡಿದ್ದನ್ನೇ ಮಧ್ಯಾಹ್ನ ತಟ್ಟೆಯಲ್ಲಿ ಚಟ್ನಿಯಾಗಿ ತಿನ್ನೋದು ಬೇರೆ ಎಲ್ಲಿ ಸಿಗುತ್ತೆ? ಅವ್ವ ಮೂರು ಸಲ ಹಾಕಿಸಿಕೊಂಡಳು.

ನೀಲಕುರಿಂಜಿ ಸಿಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಸಂಡೂರು ಬೆಟ್ಟದಲ್ಲಿ ಆ ಗಿಡ ಇದೆ, ಆದರೆ ಅರಳೋದು 12 ವರ್ಷಕ್ಕೊಮ್ಮೆ. ಅದೊಂದನ್ನೇ ನಂಬಿಕೊಂಡು ಹೋಗಬೇಡಿ.

ಸಮಯ ಇದ್ದರೆ ಲಂಬಾಣಿ ಕಸೂತಿ ಮಾಡೋ ಕುಶಲ ಕಲಾ ಕೇಂದ್ರಕ್ಕೂ ಹೋಗಿ. ಸಂಡೂರಿನ ಈ ಕಸೂತಿಗೆ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಇದೆ. ಕನ್ನಡಿ, ಕವಡೆ ಕೂರಿಸಿದ ಒಂದು ಸಣ್ಣ ಚೀಲ ತಗೊಂಡೆ, ಹೊಲಿಗೆ ಹಿಂದಿನಿಂದಲೂ ಅಚ್ಚುಕಟ್ಟು.

ಬಳ್ಳಾರಿಯಿಂದ ತೋರಣಗಲ್ಲು ಮೇಲೆ ಬಸ್ ಇದೆ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಎಂಟರ ಒಳಗೆ ಬೆಟ್ಟದ ಮೇಲಿರಿ, ಹತ್ತಾದರೆ ಬಿಸಿಲು, ಲಾರಿ ಎರಡೂ ಜೋರು. ವಾಪಸ್ ಬರುವಾಗ ಅವ್ವ ಸಂತೆಯಲ್ಲಿ ಒಂದು ಕೆಜಿ ಗುರೆಳ್ಳು ತಂದಳು. ಅರ್ಧ ಚಟ್ನಿಗೆ ಅಂತೆ, ಇನ್ನರ್ಧ ಮನೆ ಹಿಂದಿನ ಜಾಗದಲ್ಲಿ ಬಿತ್ತೋಕೆ.