ಹುಬ್ಬಳ್ಳಿ–ಬೆಂಗಳೂರು: ವಿಮಾನವೋ, ವಂದೇ ಭಾರತೋ, ರಾತ್ರಿ ಟ್ರೇನೋ?

ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರ? ವಿಮಾನಕ್ಕೆ ನೇರವಾಗಿ ಸುಮಾರು 370 ಕಿ.ಮೀ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದು ಹೋಗುವ ಹೈವೇಯಲ್ಲಿ 410ರ ಆಸುಪಾಸು. ರೈಲು ಬೀರೂರು, ಅರಸೀಕೆರೆ ಸುತ್ತಿ ಹೋಗುವುದರಿಂದ 470ಕ್ಕೆ ಹತ್ತಿರ. ಮೂರರಲ್ಲೂ ಓಡಾಡಿದ ಮೇಲೆ ನಾನು ಕಿಲೋಮೀಟರ್ ನೋಡುವುದನ್ನೇ ಬಿಟ್ಟಿದ್ದೇನೆ. ಮನೆ ಬಾಗಿಲಿಂದ ಕೆಲಸದ ಜಾಗಕ್ಕೆ ಎಷ್ಟು ಹೊತ್ತು, ಅಷ್ಟೇ ನೋಡುತ್ತೇನೆ.

ಮೊದಲು ವಿಮಾನ. ಈ ದಾರಿಯಲ್ಲಿ ಹೆಚ್ಚಾಗಿ ಓಡುವುದು ಎಟಿಆರ್, ಫ್ಯಾನ್ ಇರುವ ಸಣ್ಣ ವಿಮಾನ. ಗಂಟೆಗೆ ಸುಮಾರು 500 ಕಿ.ಮೀ. ವೇಗ. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ, ಗಾಳಿಯಲ್ಲಿ ಇರುವುದು ಅದಕ್ಕಿಂತ ಕಡಿಮೆ. ಕಿಟಕಿ ಸೀಟು ಸಿಕ್ಕರೆ ಮಳೆಗಾಲ ಮುಗಿದ ಮೇಲಿನ ಹಸಿರು ಹೊಲ ನೋಡುವುದೇ ಚಂದ. ಆದರೆ ಲಗೇಜ್ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಹಾಗಾಗಿ ಗೋಕುಲ ರೋಡಿನ ಏರ್‌ಪೋರ್ಟ್ ಹತ್ತಿರವೇ ಇದ್ದರೂ ಎರಡು ಗಂಟೆ ಮೊದಲೇ ಮನೆ ಬಿಡಬೇಕು. ಧಾರವಾಡದವರು ಇನ್ನೂ ಬೇಗ. ಅತ್ತ ಇಳಿಯುವುದು ದೇವನಹಳ್ಳಿಯಲ್ಲಿ. ಬ್ಯಾಗ್ ಬರುವವರೆಗೆ ಕಾದು, ವಾಯುವಜ್ರ ಬಸ್ಸು ಹತ್ತಿ ಮೆಜೆಸ್ಟಿಕ್ ಮುಟ್ಟಲು ಮತ್ತೆ ಒಂದು, ಒಂದೂವರೆ ಗಂಟೆ. ಒಟ್ಟು ಐದು ಗಂಟೆ ಆಗಿಯೇ ಆಗುತ್ತದೆ. ಜಯನಗರ, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುವವರು ಟ್ರಾಫಿಕ್ಕಿನ ಪಾಲು ಬೇರೆ ಸೇರಿಸಿಕೊಳ್ಳಿ.

ವಂದೇ ಭಾರತ್‌ಗೆ ಸುಮಾರು ಆರು ಗಂಟೆ, ಇಳಿಯುವುದು ಊರಿನ ನಡುವೆ. ಅಂದರೆ ವಿಮಾನಕ್ಕೂ ಇದಕ್ಕೂ ವ್ಯತ್ಯಾಸ ಹೆಚ್ಚೆಂದರೆ ಗಂಟೆ, ಒಂದೂವರೆ ಗಂಟೆ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ಗಾಡಿ ಮಧ್ಯಾಹ್ನ ಹೊರಟು ಸಂಜೆ ಮುಟ್ಟುತ್ತದೆ. ಬೆಳಿಗ್ಗೆ ಹೊರಡುವ ಅನುಕೂಲವೆಲ್ಲ ಬೆಂಗಳೂರಿನವರಿಗೇ! 2025ರ ಆಗಸ್ಟ್‌ನಲ್ಲಿ ಬಂದ ಬೆಳಗಾವಿ ಗಾಡಿ ನಮಗೆ ಬೆಳಿಗ್ಗೆಯೇ ಸಿಗುತ್ತದೆ. ಆದರೂ ಮುಟ್ಟುವ ಹೊತ್ತಿಗೆ ಮಧ್ಯಾಹ್ನ. ಆಫೀಸಿನ ಕೆಲಸಕ್ಕೆ ಅರ್ಧ ದಿನ ಹೋಯಿತು, ಅಲ್ವಾ?

ಅದಕ್ಕೇ ನನ್ನ ಓಟು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ. ರಾತ್ರಿ ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೆಚ್ಚು ಗಂಟೆ ಹಿಡಿಯುವುದು ಇದೇ, ಆದರೆ ಆ ಗಂಟೆಗಳು ನಿದ್ದೆಯಲ್ಲಿ ಹೋಗುತ್ತವೆ. ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿ. ಇಲ್ಲಿ ಅಕ್ಕನ ಮನೆಗೆ ಅಂತ ಅವ್ವ ಕಟ್ಟುವ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗಳನ್ನು ಯಾರೂ ತೂಗಲು ಬರುವುದಿಲ್ಲ. ತೊಂದರೆ ಅಂದರೆ ಟಿಕೆಟ್. ಹಬ್ಬದ ಸಮಯದಲ್ಲಿ ಕೊನೆ ಗಳಿಗೆಗೆ ಬರ್ತ್ ಸಿಗುವುದು ಕಷ್ಟ.

ವಿಮಾನ ಗೆಲ್ಲುವ ಜಾಗವೂ ಇದೆ. ಬೆಂಗಳೂರಿನಿಂದ ಮುಂದೆ ಗುವಾಹಟಿಗೋ ದುಬೈಗೋ ವಿಮಾನ ಹಿಡಿಯಬೇಕಿದ್ದರೆ ಸುಮ್ನೆ ಇಲ್ಲಿಂದಲೇ ಹಾರಿ. ಯಲಹಂಕ, ಹೆಬ್ಬಾಳದ ಕಡೆ ಕೆಲಸ ಇದ್ದರೂ ಅದೇ ಸರಿ. ಗದಗದವರಿಗೆ ಮಾತ್ರ ಹುಬ್ಬಳ್ಳಿ ಮುಟ್ಟಲು ಗಂಟೆಯ ಮೇಲಾಗುತ್ತದೆ, ಅಲ್ಲಿಗೆ ವಿಮಾನದಲ್ಲಿ ಉಳಿಸಿದ ಸಮಯವೂ ಹೋಯಿತು. ಹಾವೇರಿಯವರಂತೂ ವಿಮಾನಕ್ಕಾಗಿ 70 ಕಿ.ಮೀ.ಗೂ ಜಾಸ್ತಿ ಹಿಂದಕ್ಕೆ ಬರಬೇಕು. ಅಷ್ಟರಲ್ಲಿ ಅವರ ಬಸ್ಸು ದಾವಣಗೆರೆ ಮುಟ್ಟಿರುತ್ತದೆ.