ಕಂಪ್ಯೂಟರಿನಿಂದ ಪಿಎಸ್4ಗೆ ಸಿನಿಮಾ: ಯುನಿವರ್ಸಲ್ ಮೀಡಿಯಾ ಸರ್ವರ್ ಹೇಗಿದೆ?

ಕಂಪ್ಯೂಟರಿನಲ್ಲಿರುವ ಸಿನಿಮಾಗಳನ್ನು ಮನೆಯ ನೆಟ್‌ವರ್ಕಿನ ಮೂಲಕ ಗೇಮ್ ಕನ್ಸೋಲಿಗೆ ಕಳಿಸುವ ಸಾಫ್ಟ್‌ವೇರ್ ಯುನಿವರ್ಸಲ್ ಮೀಡಿಯಾ ಸರ್ವರ್. ನೋಡಲು ಅಂಥ ಚೆಂದವೇನಿಲ್ಲ. ಸಿನಿಮಾ ಪೋಸ್ಟರುಗಳು ಸಾಲಾಗಿ ಕಾಣಬೇಕು, ಎಲ್ಲ ನುಣುಪಾಗಿರಬೇಕು ಅನ್ನುವವರು ಇದೇ ಕೆಲಸ ಮಾಡುವ ಪ್ಲೆಕ್ಸ್ ಹಾಕಿಕೊಳ್ಳಲಿ. ನನಗೆ ಇದು ಹಿಡಿಸಿದ್ದು ಬೇರೆ ಕಾರಣಕ್ಕೆ. ಸಿನಿಮಾ ಓಡದೆ ನಿಂತಾಗ, ತೊಂದರೆ ಯಾವ ಕಡೆ ಇದೆ ಅಂತ ಹುಡುಕಲು ಇದು ದಾರಿ ಕೊಡುತ್ತದೆ.

ನಾನು ಗೇಮ್ ಆಡುವವಳಲ್ಲ. ಮಗ ಹಾಸ್ಟೆಲ್ ಸೇರಿದ ಮೇಲೆ ಟಿವಿ ಕೆಳಗೆ ಸುಮ್ನೆ ಕೂತಿದ್ದ ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್, ಈಗ ನನ್ನ ಸಿನಿಮಾ ಪ್ಲೇಯರ್. ಫೈಲುಗಳೆಲ್ಲ ಇನ್ನೊಂದು ಕೋಣೆಯ ವಿಂಡೋಸ್ ಕಂಪ್ಯೂಟರಿನಲ್ಲಿವೆ. ಪ್ರತಿ ಸಲ ಪೆನ್‌ಡ್ರೈವ್‌ಗೆ ಹಾಕಿಕೊಂಡು ಓಡಾಡಿ ಸಾಕಾಗಿತ್ತು.

2013ರಲ್ಲಿ ಪಿಎಸ್4 ಬಂದಾಗ ಈ ಸೌಲಭ್ಯವೇ ಅದರಲ್ಲಿರಲಿಲ್ಲ. ಹಿಂದಿನ ಪಿಎಸ್3ಗೆ 2007ರಲ್ಲೇ ಡಿಎಲ್‌ಎನ್‌ಎ ಸಿಕ್ಕಿತ್ತು. ಅಂದರೆ ಅದೇ ನೆಟ್‌ವರ್ಕಿನ ಕಂಪ್ಯೂಟರಿನಿಂದ ವಿಡಿಯೊ ತರಿಸಿಕೊಂಡು ತೋರಿಸುವ ವ್ಯವಸ್ಥೆ. ಹಳೆಯದರಲ್ಲಿ ಇದ್ದದ್ದು ಹೊಸದರಲ್ಲಿ ಇಲ್ಲ! 2015ರಲ್ಲಿ ಸೋನಿ ಮೀಡಿಯಾ ಪ್ಲೇಯರ್ ಆ್ಯಪ್ ಕೊಟ್ಟ ಮೇಲೆ ಸರಿಹೋಯಿತು. ಕನ್ಸೋಲ್ ಕಡೆ ಆ ಆ್ಯಪ್, ಕಂಪ್ಯೂಟರ್ ಕಡೆ ಯುನಿವರ್ಸಲ್ ಮೀಡಿಯಾ ಸರ್ವರ್. ಇದು ಪಿಎಸ್3 ಮೀಡಿಯಾ ಸರ್ವರ್ ಅನ್ನುವ ಹಳೆಯ ಓಪನ್ ಸೋರ್ಸ್ ಸಾಫ್ಟ್‌ವೇರಿನಿಂದ 2012ರಲ್ಲಿ ಕವಲೊಡೆದದ್ದು. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಇನ್‌ಸ್ಟಾಲ್ ಮಾಡುವುದರಲ್ಲಿ ಹೇಳುವಂಥದ್ದೇನಿಲ್ಲ. ಫೋಲ್ಡರ್ ತೋರಿಸಿ, ಕಾಯಿರಿ, ಅಷ್ಟೆ. ತಲೆನೋವು ಶುರುವಾಗುವುದು ಆಮೇಲೆ. ಪಿಎಸ್4ನಲ್ಲಿ ಆ್ಯಪ್ ತೆರೆದರೆ ಸರ್ವರ್ ಹೆಸರೇ ಕಾಣುವುದಿಲ್ಲ.

ಇಲ್ಲಿ ಸರ್ವರನ್ನು ಬೈಯುವ ಮೊದಲು ಒಂದು ವಿಷಯ ತಿಳಿದಿರಬೇಕು. ಕನ್ಸೋಲ್ ಮತ್ತು ಸರ್ವರ್ ಒಂದನ್ನೊಂದು ಹುಡುಕುವುದು ನೆಟ್‌ವರ್ಕಿನಲ್ಲಿ ಕೂಗು ಹಾಕಿ. ಆ ಕೂಗು 239.255.255.250 ಅನ್ನುವ ವಿಳಾಸಕ್ಕೆ, ಯುಡಿಪಿ 1900 ಪೋರ್ಟಿನಲ್ಲಿ ಹೋಗುತ್ತದೆ. ದಾರಿಯಲ್ಲಿ ಯಾರಾದರೂ ಅದನ್ನು ತಡೆದರೆ ಎರಡೂ ಪಕ್ಕಪಕ್ಕದಲ್ಲೇ ಇದ್ದರೂ ಪರಿಚಯವಾಗುವುದಿಲ್ಲ. ತಡೆಯುವವರು ಬಹಳ ಜನ. ವಿಂಡೋಸ್‌ನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಅಂತ ಇದ್ದರೆ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಬಿಗಿಯಾಗುತ್ತದೆ. ಮನೆಯ ನೆಟ್‌ವರ್ಕ್ ಆದರೆ 'ಪ್ರೈವೇಟ್' ಮಾಡಿ. ಕನ್ಸೋಲ್ ಗೆಸ್ಟ್ ವೈಫೈಯಲ್ಲಿದ್ದರೆ ಎಷ್ಟೋ ರೌಟರುಗಳು ಅದನ್ನು ಉಳಿದ ಯಂತ್ರಗಳಿಂದ ದೂರವೇ ಇಡುತ್ತವೆ. ಬೇರೆ ಆ್ಯಂಟಿವೈರಸ್ ಇದ್ದರೆ ಅದರದ್ದೇ ಇನ್ನೊಂದು ಫೈರ್‌ವಾಲ್ ಇರಬಹುದು.

ನನ್ನಲ್ಲಿ ಕಾಟ ಕೊಟ್ಟದ್ದು ವಿಪಿಎನ್. ಆಫೀಸಿನ ಕೆಲಸಕ್ಕೆ ಹಾಕಿದ್ದ ಅದು ಕಂಪ್ಯೂಟರಿನಲ್ಲಿ ತನ್ನದೇ ಒಂದು ನೆಟ್‌ವರ್ಕ್ ಅಡಾಪ್ಟರ್ ಸೇರಿಸಿತ್ತು. ಸರ್ವರ್ ಆ ಕಡೆ ತಿರುಗಿ ಕೂತಿತ್ತು. ಸೆಟ್ಟಿಂಗ್ಸ್‌ನಲ್ಲಿ ಯಾವ ನೆಟ್‌ವರ್ಕ್ ಇಂಟರ್‌ಫೇಸ್ ಬಳಸಬೇಕು ಅಂತ ಒತ್ತಾಯಿಸುವ ಆಯ್ಕೆ ಇದೆ. ಅಲ್ಲಿ ನಿಜವಾದ ಲ್ಯಾನ್ ಕಾರ್ಡ್ ಆರಿಸಿ ಸರ್ವರ್ ಮತ್ತೆ ಶುರು ಮಾಡಿದ ಕೂಡಲೇ ಪಿಎಸ್4ನಲ್ಲಿ ಹೆಸರು ಬಂತು. ಇತ್ತ ಸರ್ವರಿನ ಪರದೆಯಲ್ಲೂ ಪಿಎಸ್4ನ ಚಿತ್ರ ಮೂಡಿತು. ಆ ಚಿತ್ರ ಬಂತೋ ಇಲ್ಲವೋ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ. ಬಂದಿದ್ದರೆ ಎರಡರ ನಡುವೆ ಸಂಪರ್ಕ ಇದೆ, ತೊಂದರೆ ಫೈಲಿನಲ್ಲೋ ವೇಗದಲ್ಲೋ ಹುಡುಕಬೇಕು.

ಫೈಲ್ ಕಥೆ ಇನ್ನೂ ಸ್ವಾರಸ್ಯ. ಎಂಕೆವಿ ಅಂತ ಹೆಸರಿದ್ದ ಮಾತ್ರಕ್ಕೆ ಓಡುತ್ತದೆ ಅಂತಿಲ್ಲ. ಎಂಕೆವಿ ಬರೀ ಚೀಲ, ಒಳಗೇನಿದೆ ಅನ್ನುವುದೇ ಮುಖ್ಯ. ಒಳಗೆ ಎಚ್.264 ವಿಡಿಯೊ, ಎಎಸಿ ಅಥವಾ ಎಸಿ-3 ಆಡಿಯೊ ಇದ್ದರೆ ಪಿಎಸ್4 ಹಾಗೇ ಆಡಿಸುತ್ತದೆ. ಎಚ್‌ಇವಿಸಿ ಅನ್ನುವ ಇನ್ನೊಂದು ಬಗೆಯ ವಿಡಿಯೊ ಇದ್ದರೆ ಆಗುವುದಿಲ್ಲ. ಆಗ ಯುನಿವರ್ಸಲ್ ಮೀಡಿಯಾ ಸರ್ವರ್ ಅದನ್ನು ಓಡಿಸುತ್ತಲೇ ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತದೆ. ಇದೇ ಟ್ರಾನ್ಸ್‌ಕೋಡಿಂಗ್. ಯಾವ ಕನ್ಸೋಲಿಗೆ ಏನು ಹಿಡಿಸುತ್ತದೆ ಅಂತ ಅದರ ಬಳಿ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿಯಿದೆ. ಇದು ನನಗೆ ಬಹಳ ಮೆಚ್ಚುಗೆಯಾದ ಅಂಶ.

ಆದರೆ ಟ್ರಾನ್ಸ್‌ಕೋಡಿಂಗ್ ಅಂದರೆ ಪ್ರೊಸೆಸರಿಗೆ ದುಡಿತ. ಫ್ಯಾನ್ ಸದ್ದು ಜಾಸ್ತಿಯಾಗುತ್ತದೆ, ಹಳೆಯ ಕಂಪ್ಯೂಟರ್ ಆದರೆ ಚಿತ್ರ ಆಗಾಗ ನಿಲ್ಲುತ್ತದೆ. ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚು ಹಾಕಬೇಕಾದಾಗಲೂ ಇದೇ ಕೆಲಸ ಮತ್ತೆ ನಡೆಯಬೇಕು. ಸಬ್‌ಟೈಟಲ್ ಬೇಕಿಲ್ಲದಿದ್ದರೆ ಆಫ್ ಮಾಡಿ ನೋಡಿ. ಪಿಎಸ್4ನಲ್ಲಿ ತೆರೆದ ಸಿನಿಮಾ ಫೋಲ್ಡರಿನಲ್ಲಿ 'ಟ್ರಾನ್ಸ್‌ಕೋಡ್' ಅಂತ ಇನ್ನೊಂದು ವಿಚಿತ್ರ ಫೋಲ್ಡರ್ ಕಾಣುತ್ತದಲ್ಲ, ಅದನ್ನು ಕಡೆಗಣಿಸಬೇಡಿ. ಯಾವ ಆಡಿಯೊ, ಯಾವ ಸಬ್‌ಟೈಟಲ್ ಅಂತ ಕೈಯಾರೆ ಆರಿಸುವುದು ಅಲ್ಲೇ.

ಸಿನಿಮಾ ತಡವರಿಸುತ್ತಿದ್ದರೆ ನಾನು ಮಾಡುವುದು ಇಷ್ಟು. ಎಚ್.264, ಎಎಸಿ ಇರುವ ಚಿಕ್ಕ ಎಂಪಿ4 ಒಂದನ್ನು ಓಡಿಸುತ್ತೇನೆ. ಅದೂ ನಿಂತರೆ ನೆಟ್‌ವರ್ಕಿನ ಮೇಲೆ ಅನುಮಾನ. ಅದು ಸಲೀಸಾಗಿ ಓಡಿ ದೊಡ್ಡದು ಮಾತ್ರ ನಿಂತರೆ ಟಾಸ್ಕ್ ಮ್ಯಾನೇಜರ್ ನೋಡುತ್ತೇನೆ. ಪ್ರೊಸೆಸರ್ ಬಳಕೆ ಶೇಕಡಾ 100ಕ್ಕೆ ಮುಟ್ಟಿದ್ದರೆ ಟ್ರಾನ್ಸ್‌ಕೋಡಿಂಗ್ ಕಾರಣ. ಪ್ರೊಸೆಸರ್ ತಣ್ಣಗೆ ಕೂತಿದ್ದರೆ ವೈಫೈ ಸಾಲುತ್ತಿಲ್ಲ.

ವೈಫೈ ಸಾಲದಿರುವುದು ಆಶ್ಚರ್ಯವೂ ಅಲ್ಲ. ಮೊದಲ ಪಿಎಸ್4ನಲ್ಲಿ ನಿಧಾನದ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದೆ. 5 ಗಿಗಾಹರ್ಟ್ಸ್ ಬಂದದ್ದು 2016ರ ಸ್ಲಿಮ್ ಮತ್ತು ಪ್ರೊನಲ್ಲಿ. ಪಿಎಸ್3ಯ ವೈಫೈ ಕಾಗದದ ಮೇಲೇ 54 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ನಿಜದಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಬ್ಲೂ-ರೇ ವಿಡಿಯೊ 40 ಎಂಬಿಪಿಎಸ್‌ವರೆಗೆ ಹೋಗಬಹುದು. ಲೆಕ್ಕ ಹೊಂದುವುದೇ ಇಲ್ಲ, ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಬ್ಯಾಂಡ್‌ವಿಡ್ತಿಗೆ ಮಿತಿ ಹಾಕಬಹುದು, ಆದರೆ ಅದಕ್ಕಿಂತ ಒಂದು ಉದ್ದನೆಯ ಲ್ಯಾನ್ ಕೇಬಲ್ ಎಳೆಯುವುದು ವಾಸಿ. ನಾನು ಎಳೆದಿದ್ದೇನೆ. ಬಾಗಿಲ ಅಂಚಿನಲ್ಲಿ ಸ್ವಲ್ಪ ಅಸಹ್ಯವಾಗಿ ಕಾಣುತ್ತದೆ, ಸಿನಿಮಾ ಮಾತ್ರ ನಿಲ್ಲುವುದಿಲ್ಲ.

ಬೇಸರದ ವಿಷಯವೂ ಇದೆ. ಸೆಟ್ಟಿಂಗ್ಸ್ ಅತಿಯಾಯಿತು. ಕೆಲವು ಹೆಸರುಗಳನ್ನು ಓದಿದರೆ ಅದು ಏನು ಮಾಡುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ನಿದ್ದೆಗೆ ಹೋಗದಂತೆ ತಡೆಯುವ ಆಯ್ಕೆ, ಇಂಟರ್‌ಫೇಸ್ ಆಯ್ಕೆ, ಫೋಲ್ಡರುಗಳು, ಇಷ್ಟು ಬಿಟ್ಟು ಉಳಿದದ್ದಕ್ಕೆ ನಾನು ಕೈಹಾಕಿಲ್ಲ.

ಪಿಎಸ್3, ಪಿಎಸ್4 ಇರುವವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ಹಾಕಿಕೊಳ್ಳಿ. ಎಕ್ಸ್‌ಬಾಕ್ಸ್ ಒನ್ ಇದ್ದರೆ ಅದರ ಮೀಡಿಯಾ ಪ್ಲೇಯರ್ ಆ್ಯಪ್ ಡಿಎಲ್‌ಎನ್‌ಎ ಓದುತ್ತದೆ, ವಿಎಲ್‌ಸಿ ಪ್ಲೇಯರೂ ಸಿಗುತ್ತದೆ. ಪಿಎಸ್5 ಕೊಂಡವರಿಗೆ ಮಾತ್ರ ಇದು ಬೇಡ. ಅದರಲ್ಲಿ ಈ ಮೀಡಿಯಾ ಪ್ಲೇಯರ್ ಆ್ಯಪೇ ಇಲ್ಲ. ಅವರು ಪ್ಲೆಕ್ಸ್ ಆ್ಯಪ್ ಹಾಕಿಕೊಂಡು, ಕಂಪ್ಯೂಟರಿನಲ್ಲೂ ಪ್ಲೆಕ್ಸ್ ಸರ್ವರನ್ನೇ ಇಡಬೇಕು.